ಡಾಲ್ಫಿನ್‌ನ ಫೈಬರ್ ಬಾಡಿ: ಬಣ್ಣ ಕೆರೆದು ಬಿಟ್ಟಿದ್ದ ಕಾರಿಗೆ ಮತ್ತೆ ಬಣ್ಣ ಹಾಕಿದ್ದು

ಕಾರು ಸಿಪಾನಿ ಡಾಲ್ಫಿನ್. ಬೆಂಗಳೂರಿನಲ್ಲಿ 1982ರಿಂದ ತಯಾರಾದ ಎರಡು ಬಾಗಿಲಿನ ಪುಟ್ಟ ಕಾರು. ಮೂಲ ಇಂಗ್ಲೆಂಡಿನ ರಿಲಯಂಟ್ ಕಿಟನ್, 848 ಸಿಸಿ ಎಂಜಿನ್. ಕೆಳಗೆ ಕಬ್ಬಿಣದ ಚಾಸಿ, ಮೇಲೆ ಪೂರ್ತಿ ಫೈಬರ್ ಬಾಡಿ, ಅಂದರೆ ಗಾಜಿನ ಎಳೆಗೆ ರೆಸಿನ್ ಅನ್ನುವ ಅಂಟುದ್ರವ ಕುಡಿಸಿ ಗಟ್ಟಿ ಮಾಡಿದ್ದು. ಹಗುರ ಇದ್ದ ಕಾರಣ ಆಗಿನ ರ‍್ಯಾಲಿಗಳಲ್ಲಿ ಇದಕ್ಕೆ ಒಳ್ಳೆ ಹೆಸರಿತ್ತು. ಮನೆಗೆ ಕಾರು ಬೇಕು ಅಂದವರು ಮಾತ್ರ ‘ಫೈಬರ್ ಅಲ್ವಾ’ ಅಂತ ಮೂಗು ಮುರಿಯುತ್ತಿದ್ದರು.

ನನಗೆ ಸಿಕ್ಕಾಗ ಇದರ ಮೈಮೇಲೆ ಬಣ್ಣವೇ ಇರಲಿಲ್ಲ. ಹಿಂದಿನ ಮಾಲೀಕರು ಎಂಜಿನ್, ಬ್ರೇಕು, ಸ್ಟಿಯರಿಂಗ್ ಎಲ್ಲ ಸರಿ ಮಾಡಿಸಿದ್ದರು. ಬಣ್ಣ ಪೂರ್ತಿ ತೆಗೆಸಿದ ಮೇಲೆ ಕೈಬಿಟ್ಟಿದ್ದರು. ಇಂಗ್ಲೆಂಡ್, ಅಮೆರಿಕದಲ್ಲಿ ಕಿಟ್ ಕಾರು (ಬಿಡಿಭಾಗ ತರಿಸಿ ಮನೆಯಲ್ಲೇ ಜೋಡಿಸುವ ಕಾರು) ಕಟ್ಟುವವರ ಮನೆಗೆ ಬಂದಿಳಿಯುವ ಬಾಡಿಯೂ ಹೆಚ್ಚುಕಡಿಮೆ ಹೀಗೇ ಇರುತ್ತದೆ: ಬರೀ ಜೆಲ್‌ಕೋಟ್ (ಫೈಬರಿನ ಹೊರಮೈಯ ನುಣುಪು ರೆಸಿನ್ ಪದರ), ಅಚ್ಚಿನ ಗೆರೆ, ಸೂಜಿ ತೂತು. ವ್ಯತ್ಯಾಸ ಇಷ್ಟೇ, ಅವರದ್ದು ಹೊಸದು. ನನ್ನದಕ್ಕೆ ನಲವತ್ತು ವರ್ಷದ ಪೆಟ್ಟುಗಳು ಇದ್ದವು.

ಕೆಲಸ ಉಡುಪಿಯ ಮನೆಯ ಶೆಡ್ಡಿನಲ್ಲಿ. ದೀಪಾವಳಿ ಕಳೆದ ಮೇಲೆ ಶುರು, ಮುಂದಿನ ವರ್ಷದ ಅಕ್ಟೋಬರಿಗೆ ಬಣ್ಣ. ಕರಾವಳಿಯಲ್ಲಿ ಇಂಥ ಕೆಲಸಕ್ಕೆ ಒಂದು ಅನುಕೂಲ ಇದೆ. ಮಲ್ಪೆಯಲ್ಲಿ ಫೈಬರ್ ದೋಣಿ ರಿಪೇರಿ ಮಾಡುವವರು ಸಿಗುತ್ತಾರೆ, ರೆಸಿನ್ನು, ಮ್ಯಾಟು (ಗಾಜಿನ ಎಳೆಯ ಹಾಸು) ಕೆಜಿ ಲೆಕ್ಕದಲ್ಲಿ ಸಿಗುತ್ತದೆ. ಅನನುಕೂಲ ಗೊತ್ತೇ ಇದೆಯಲ್ಲ, ಮಳೆ.

1. ನವೆಂಬರ್: ತಟ್ಟಿ ನೋಡುವುದು

ಕಬ್ಬಿಣದ ಬಾಡಿಯಾದರೆ ಅಯಸ್ಕಾಂತ ಹಿಡಿದು ಪುಟ್ಟಿ ಎಲ್ಲಿ ದಪ್ಪ ಇದೆ ಅಂತ ಹುಡುಕಬಹುದು. ಫೈಬರಿನಲ್ಲಿ ಅದು ನಡೆಯುವುದಿಲ್ಲ. ಹತ್ತು ರೂಪಾಯಿ ನಾಣ್ಯದ ಅಂಚಿನಿಂದ ತಟ್ಟುತ್ತಾ ಹೋದೆ. ಗಟ್ಟಿ ಇರುವಲ್ಲಿ ಟಕ್ ಟಕ್ ಅನ್ನುತ್ತದೆ. ಪದರ ಬಿಟ್ಟುಕೊಂಡಲ್ಲಿ, ಪುಟ್ಟಿ ದಪ್ಪ ಇರುವಲ್ಲಿ ಡಬ್ ಅನ್ನುತ್ತದೆ. ಮಕ್ಕಳ ಕ್ರೇಯಾನಿನಲ್ಲಿ ಗುರುತು ಹಾಕಿದೆ: ಬಿರುಕಿಗೆ ಕೆಂಪು, ಹಳೆ ಪುಟ್ಟಿಗೆ ನೀಲಿ, ಪದರ ಬಿಟ್ಟದ್ದಕ್ಕೆ ಕಪ್ಪು.

ಕಂಡದ್ದು ಇಷ್ಟು:

ಎಡಗಡೆ ಮುಂದಿನ ಮಡ್‌ಗಾರ್ಡಿನ ಚಕ್ರದ ಕಮಾನಿನಲ್ಲಿ ಸುಮಾರು 200 x 150 ಮಿಮೀ ತುಂಡೇ ಇಲ್ಲ. ಆ ಜಾಗಕ್ಕೆ ತಂತಿ ಜಾಲರಿ ಇಟ್ಟು ಎಂ-ಸೀಲ್ ತುಂಬಿದ್ದರು. ಎರಡೂ ಬಾಗಿಲಿನ ಹಿಂಜ್ ಕೂರುವ ಕಂಬದಲ್ಲಿ ನಕ್ಷತ್ರದ ಹಾಗೆ ಬಿರುಕು, ಬಲಗಡೆ ಜಾಸ್ತಿ. ಹಿಂದಿನ ಬಂಪರ್ ಬೋಲ್ಟಿನ ಸುತ್ತ ಫೈಬರ್ ನುಚ್ಚಾಗಿದೆ. ಬಾನೆಟ್ ಮೇಲೆ ಹಳೆಯ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪುಟ್ಟಿ, ಒಂದು ಕಡೆ 6 ಮಿಮೀ ದಪ್ಪ. ರೂಫಿನಲ್ಲಿ ಬೇರೆಯೇ ಕಥೆ, ಅದು ಮುಂದೆ.

ಲೈಟಿನ ತೂತಿನ ಅಂಚಿನಲ್ಲಿ ವರ್ನಿಯರ್ ಹಿಡಿದು ಅಳೆದೆ. ಹೆಚ್ಚಿನ ಕಡೆ 2.5ರಿಂದ 3 ಮಿಮೀ, ಮೂಲೆಗಳಲ್ಲಿ 4 ದಾಟುತ್ತದೆ. ಈ ಅಳತೆ ಮೊದಲೇ ಬೇಕು. ತುಂಡು ಸೇರಿಸುವಾಗ ಅಂಚನ್ನು ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ ಇಳಿಜಾರಾಗಿ ಕೆರೆಯಬೇಕು. 2.5 ಮಿಮೀ ಇದ್ದರೆ 30 ಮಿಮೀ ಇಳಿಜಾರು. ಬರೀ ಅಂಚಿಗೆ ಅಂಚು ತಾಗಿಸಿ ಅಂಟಿಸಿದರೆ ಆ ಗೆರೆಯಲ್ಲೇ ಮತ್ತೆ ಬಿಡುತ್ತದೆ.

2. ಸಾಮಾನು

ನಾನು ತಂದಾಗ ಜನರಲ್ ಪರ್ಪಸ್ ಪಾಲಿಯೆಸ್ಟರ್ ರೆಸಿನ್ ಕೆಜಿಗೆ 230 ರೂಪಾಯಿ ಇತ್ತು. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ ಕೆಜಿಗೆ 200. ಮೇಲಿನ ನುಣುಪಿಗೆ ಸರ್ಫೇಸ್ ಟಿಶ್ಯೂ, ಅಂದರೆ ಗಾಜಿನ ಎಳೆಯ ತೆಳು ಹಾಳೆ. ರೆಸಿನ್ ಗಟ್ಟಿ ಮಾಡುವ ಹಾರ್ಡನರ್, ಅದನ್ನು ಚುರುಕು ಮಾಡುವ ಕೋಬಾಲ್ಟ್ ದ್ರಾವಣ, ಒರೆಸಲು ಅಸಿಟೋನ್. ಸೂಜಿ ಇಲ್ಲದ ಸಿರಿಂಜ್ ಮೆಡಿಕಲ್ ಶಾಪಿನಿಂದ, ಅಳತೆಗೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ, ಆಮೇಲೆ ಅದನ್ನು ಮನೆಯೊಳಗೆ ಸೇರಿಸಲಿಲ್ಲ.

ಕೋಬಾಲ್ಟ್ ಮತ್ತು ಹಾರ್ಡನರ್ ಬಾಟಲಿಗಳನ್ನು ಶೆಡ್ಡಿನ ಬೇರೆ ಬೇರೆ ಮೂಲೆಯಲ್ಲಿ ಇಟ್ಟೆ. ಎರಡನ್ನೂ ನೇರ ಬೆರೆಸಿದರೆ ಸ್ಫೋಟವಾಗುತ್ತದೆ. ಮೊದಲು ಕೋಬಾಲ್ಟನ್ನು ರೆಸಿನ್ನಿಗೆ ಹಾಕಿ ಚೆನ್ನಾಗಿ ಕಲಸಬೇಕು, ಆಮೇಲೆ ಹಾರ್ಡನರ್. ಎರಡಕ್ಕೂ ಒಂದೇ ಸಿರಿಂಜ್ ಬಳಸಬಾರದು. ಹಾರ್ಡನರ್ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿಗೇ ಅಪಾಯ, ಹಾಗಾಗಿ ಅದನ್ನು ಮುಟ್ಟುವಾಗಲೆಲ್ಲ ಕನ್ನಡಕ ಕಡ್ಡಾಯ.

ಅಳತೆ: ಮ್ಯಾಟಿನ ತೂಕದ ಎರಡೂವರೆ ಪಟ್ಟು ರೆಸಿನ್. 1 ಕೆಜಿ ರೆಸಿನ್ನಿಗೆ 10 ಮಿಲಿ ಕೋಬಾಲ್ಟ್, 15 ಮಿಲಿ ಹಾರ್ಡನರ್. ನಮ್ಮ ಸೆಕೆಗೆ ಇಷ್ಟು ಹಾಕಿದರೆ ಕೈಯಲ್ಲಿ ಸುಮಾರು ಕಾಲು ಗಂಟೆ ಸಿಗುತ್ತದೆ.

ಈ ಲೆಕ್ಕ ಗೊತ್ತಿದ್ದೂ ಮೊದಲ ಕಪ್ ಹಾಳಾಯಿತು. ಆ ಡಬ್ಬಿಯ ರೆಸಿನ್ನಿಗೆ ಅಂಗಡಿಯಲ್ಲೇ ಕೋಬಾಲ್ಟ್ ಹಾಕಿಟ್ಟಿದ್ದರು. ನಾನು ಕೇಳಲಿಲ್ಲ, ಮತ್ತೆ ಹಾಕಿದೆ. ಹಾರ್ಡನರ್ ಬಿದ್ದ ಸ್ವಲ್ಪ ಹೊತ್ತಿಗೇ ಕಪ್ ಬಿಸಿಯಾಗಿ, ಹೊಗೆ ಬಂದು, ಪ್ಲಾಸ್ಟಿಕ್ ಕರಗಿತು. ಬ್ರಷ್ ಅದರಲ್ಲೇ ಸಿಕ್ಕಿಹಾಕಿಕೊಂಡಿತು. ಹಾಗೇ ಎತ್ತಿ ಅಂಗಳದ ಮರಳಿಗೆ ಹಾಕಿದೆ. ಕೋಬಾಲ್ಟ್ ಸೇರಿಸಿದ ರೆಸಿನ್ನಿಗೆ ನೇರಳೆ ಅಥವಾ ಗುಲಾಬಿ ಛಾಯೆ ಇರುತ್ತದೆ, ಬಿಳಿ ಕಾಗದದ ಮೇಲೆ ಒಂದು ಹನಿ ಹಾಕಿ ನೋಡಿದರೆ ತಿಳಿಯುತ್ತದೆ. ಹೊಸ ಡಬ್ಬಿ ತೆರೆದಾಗಲೆಲ್ಲ 50 ಗ್ರಾಂ ಕಲಸಿ ಪರೀಕ್ಷೆ ಮಾಡುವ ಅಭ್ಯಾಸ ಅಲ್ಲಿಂದ ಶುರುವಾಯಿತು.

3. ಡಿಸೆಂಬರ್: ಗ್ರೈಂಡಿಂಗ್, ತುರಿಕೆ

ನಾಲ್ಕು ಇಂಚಿನ ಗ್ರೈಂಡರಿಗೆ 40 ನಂಬರಿನ ಫ್ಲ್ಯಾಪ್ ಡಿಸ್ಕ್. ಜಾಸ್ತಿ ಒತ್ತಬಾರದು, ಡಿಸ್ಕ್ ತಾನಾಗಿ ಕೆರೆಯಬೇಕು. ಬಾನೆಟ್ಟಿನ ಎನ್‌ಸಿ ಪುಟ್ಟಿ ಪೂರ್ತಿ ತೆಗೆದೆ. ಅದು ತೆಳುವಾಗಿ ಗೀರು ಮುಚ್ಚಲಿಕ್ಕೆ ಮಾತ್ರ ಸರಿ. ದಪ್ಪ ಹಾಕಿದರೆ ವರ್ಷಗಟ್ಟಲೆ ಕುಗ್ಗುತ್ತಾ ಹೋಗುತ್ತದೆ. ಮಡ್‌ಗಾರ್ಡಿನ ಎಂ-ಸೀಲ್ ಕೂಡ ಒಂದು ಚೂರೂ ಉಳಿಸದೆ ತೆಗೆಯಬೇಕಾಯಿತು. ಅದು ಎಪಾಕ್ಸಿ. ಗಟ್ಟಿಯಾದ ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯುವುದಿಲ್ಲ. ಅದರ ಉಲ್ಟಾ, ಪಾಲಿಯೆಸ್ಟರ್ ಮೇಲೆ ಎಪಾಕ್ಸಿ, ಚೆನ್ನಾಗಿಯೇ ನಿಲ್ಲುತ್ತದೆ.

ಧೂಳಿನ ಬಗ್ಗೆ. ಗಾಜಿನ ಪುಡಿ ಇದು. ಬಟ್ಟೆ ಕಟ್ಟಿಕೊಂಡರೆ ಸಾಲದು, ಎನ್95 ಆದರೂ ಬೇಕು. ನಾನು ಕಾರ್ಟ್ರಿಜ್ ಹಾಕುವ ಅರ್ಧ ಮುಖದ ಮಾಸ್ಕನ್ನೇ ತಗೊಂಡೆ, ರೆಸಿನ್ನಿನ ವಾಸನೆಗೂ ಆಗುತ್ತದೆ ಅಂತ. ಕೈ, ಕುತ್ತಿಗೆಗೆ ಮೊದಲೇ ತೆಂಗಿನೆಣ್ಣೆ ಹಚ್ಚಿಕೊಂಡೆ. ಕೆಲಸ ಮುಗಿದ ಮೇಲೆ ತಣ್ಣೀರು ಸ್ನಾನ. ಬಿಸಿನೀರು ಹೊಯ್ದುಕೊಂಡರೆ ತುರಿಕೆ ಇಡೀ ರಾತ್ರಿ. ಆ ಬಟ್ಟೆಗಳನ್ನು ಮನೆಯವರ ಬಟ್ಟೆ ಜೊತೆ ಮೆಷಿನ್‌ಗೆ ಹಾಕಬೇಡಿ. ಇದರ ಮೇಲೆ ಹೆಚ್ಚು ಹೇಳುವುದಿಲ್ಲ.

4. ಬಾಗಿಲ ಕಂಬದ ಬಿರುಕು

ಇಡೀ ಕೆಲಸದಲ್ಲಿ ತಲೆ ತಿಂದದ್ದು ಇದೇ. ಸ್ವಲ್ಪ ಉದ್ದ ಆಗುತ್ತದೆ.

ಮೊದಲ ಪ್ರಯತ್ನ ಎದುರಿನಿಂದ. ಪ್ರತಿ ಬಿರುಕನ್ನೂ ಸಣ್ಣ ರೋಟರಿ ಟೂಲಿನಿಂದ ‘ವಿ’ ಆಕಾರಕ್ಕೆ ತೆರೆದೆ, ಜೆಲ್‌ಕೋಟ್ ದಾಟಿ ಮ್ಯಾಟ್ ಕಾಣುವವರೆಗೆ. ಅಸಿಟೋನಿನಲ್ಲಿ ಒರೆಸಿ, ರೆಸಿನ್ನಿಗೆ ಕತ್ತರಿಸಿದ ಗಾಜಿನ ಎಳೆ ಬೆರೆಸಿ ತುಂಬಿದೆ. ಒಣಗಿದ ಮೇಲೆ 80, 120 ಎಮರಿ. ನೋಡಲಿಕ್ಕೆ ಚಂದ. ಬಾಗಿಲು ಕೆಲವು ಸಲ ಹಾಕಿ ತೆಗೆದಾಗ ಅದೇ ಜಾಗದಲ್ಲಿ ಕೂದಲೆಳೆಯಷ್ಟು ಗೆರೆ.

ಎರಡನೆಯದು ಹಿಂದಿನಿಂದ. ಡ್ಯಾಶ್‌ಬೋರ್ಡಿನ ಬದಿ ಬಿಚ್ಚಿ ಒಳಗೆ ಕೈ ಹಾಕಿದರೆ ಹಿಂಜಿನ ಬೋಲ್ಟ್ ಹಿಡಿಯುವ ಕಬ್ಬಿಣದ ಪ್ಲೇಟ್ ಸಡಿಲ. ಸುತ್ತ ತುಕ್ಕು, ತುಕ್ಕು ಉಬ್ಬಿ ಫೈಬರನ್ನು ಎಬ್ಬಿಸಿದೆ. ಬಾಗಿಲಿನ ಭಾರ ಎಲ್ಲ ಬರೀ ಫೈಬರಿನ ಮೇಲೆ ಬೀಳುತ್ತಿತ್ತು. ಹಳೆ ಪ್ಲೇಟ್ ಕಿತ್ತು, 3 ಮಿಮೀ ಸ್ಟೇನ್‌ಲೆಸ್ ಪ್ಲೇಟನ್ನು ಸ್ವಲ್ಪ ದೊಡ್ಡದಾಗಿ, 120 x 80 ಅಳತೆಗೆ ಕತ್ತರಿಸಿ, ಮೂಲೆ ಉರುಟು ಮಾಡಿ ಕೂರಿಸಿದೆ. ಮೂಲೆ ಚೂಪಾಗಿ ಬಿಟ್ಟರೆ ಅಲ್ಲಿಂದಲೇ ಹೊಸ ಬಿರುಕು ಹೊರಡುತ್ತದೆ. ಅದರ ಮೇಲೆ 450ರ ಮ್ಯಾಟ್ ಮೂರು ಪದರ, ಒಂದಕ್ಕಿಂತ ಒಂದು 25 ಮಿಮೀ ಅಗಲ. ಪ್ರತಿ ಪದರ ಗಟ್ಟಿಯಾದ ಮೇಲೆ ಸುಮಾರು 1 ಮಿಮೀ ದಪ್ಪ ಕೊಡುತ್ತದೆ.

ಈ ಹೊತ್ತಿಗೆ ಮಲ್ಪೆಯ ಒಬ್ಬರು ದೋಣಿ ಮೇಸ್ತ್ರಿಯನ್ನು ಕರೆದುಕೊಂಡು ಬಂದೆ. ಪ್ಲೇಟ್ ಕೆಲಸ ನೋಡಿ ತಲೆ ಆಡಿಸಿದರು. ಆಮೇಲೆ ಬಲಗಡೆ ಬಾಗಿಲು ತೆಗೆದು ಹಾಕಿ, ಮತ್ತೆ ತೆಗೆದು ಹಾಕಿ ನೋಡಿದರು.

‘ಇದನ್ನು ಹಾಕುವಾಗ ಎತ್ತಿ ಹಾಕುದಾ ಮಾರಾಯ್ರೆ?’

‘ಹೌದು ಮೇಸ್ತ್ರಿಗಳೇ, ಸ್ವಲ್ಪ ಎತ್ತಬೇಕು.’

‘ಹಾಗಾದ್ರೆ ಬಿರುಕು ಇಲ್ಲಿಯದ್ದಲ್ಲ. ಕೆಳಗೆ ನೋಡಿ.’

ಕೆಳಗೆ ಅಂದರೆ ಚಾಸಿ ಮತ್ತು ಬಾಡಿ ನಡುವಿನ ರಬ್ಬರ್. ಜಾಕ್ ಕೊಟ್ಟು ನೋಡಿದರೆ ಬಲಗಡೆ ಕಂಬದ ಅಡಿಯ ರಬ್ಬರ್ ಕರಗಿ ಅಂಟಿನ ಹಾಗೆ ಆಗಿದೆ, ಅರ್ಧ ದಪ್ಪವೂ ಉಳಿದಿಲ್ಲ. ಬಾಡಿ ಆ ಮೂಲೆಯಲ್ಲಿ ಕೂತುಬಿಟ್ಟಿದೆ. ಬಾಗಿಲಿನ ಸಂದು ಮೇಲೆ 3 ಮಿಮೀ, ಕೆಳಗೆ 9. ಬಾಗಿಲು ಲಾಕಿಗೆ ಓರೆಯಾಗಿ ಬಡಿಯುತ್ತದೆ, ಆ ಪೆಟ್ಟು ಹಿಂಜಿಗೆ, ಹಿಂಜಿನಿಂದ ಕಂಬಕ್ಕೆ. ನಾನು ಮೇಲೆ ಎಷ್ಟು ಮ್ಯಾಟ್ ಹಾಕಿದ್ದರೂ ಬಿರುಕು ಮತ್ತೊಂದು ಕಡೆ ಏಳುತ್ತಿತ್ತು ಅಷ್ಟೆ.

ಲಾರಿ ಟೈರಿನ ರಬ್ಬರ್ ಕತ್ತರಿಸಿ ಎಲ್ಲ ಕಡೆಗೂ ಹೊಸ ಪ್ಯಾಕಿಂಗ್ ಮಾಡಿದೆ. ಬಲ ಮೂಲೆಗೆ 3 ಮಿಮೀ ತಗಡು ಹೆಚ್ಚುವರಿ. ಬೋಲ್ಟಿಗೆ 40 ಮಿಮೀ ಅಗಲದ ದೊಡ್ಡ ವಾಷರ್. ಇಲ್ಲಿ ಸ್ಪ್ಯಾನರ್ ಬಿಗಿಯಾಗಿ ಎಳೆಯಬಾರದು. ರಬ್ಬರ್ ಸ್ವಲ್ಪ ಉಬ್ಬಿದಲ್ಲಿಗೆ ನಿಲ್ಲಿಸಿ, ಲಾಕ್ ನಟ್ ಹಾಕಬೇಕು. ಕಬ್ಬಿಣಕ್ಕೆ ಬಿಗಿದ ಹಾಗೆ ಬಿಗಿದರೆ ಫೈಬರ್ ನುಚ್ಚಾಗುತ್ತದೆ. ಹಿಂದಿನ ಬಂಪರಿನ ಜಾಗ ಹಾಳಾದದ್ದು ಹಾಗೆಯೇ.

ಸಂದು ಹೊಂದಿಸುವಾಗ ಕಾರು ತನ್ನ ನಾಲ್ಕು ಚಕ್ರದ ಮೇಲೇ ನಿಂತಿರಬೇಕು, ಸೀಟು, ಬ್ಯಾಟರಿ ಒಳಗಿರಬೇಕು. ಸ್ಟ್ಯಾಂಡ್ ಮೇಲೆ ಎತ್ತಿಟ್ಟು ಹೊಂದಿಸಿದರೆ ಕೆಳಗಿಳಿಸಿದಾಗ ಬದಲಾಗುತ್ತದೆ. ಈಗ ಸಂದು ಸುತ್ತಲೂ 4ರಿಂದ 5 ಮಿಮೀ. ಬಾಗಿಲು ಎರಡು ಬೆರಳಿನಲ್ಲಿ ಹಾಕಬಹುದು. ಇದಾದ ಮೇಲೇ ಬಿರುಕುಗಳನ್ನು ಮತ್ತೆ ತೆರೆದು, ತುಂಬಿ, ಮೇಲೆ ಒಂದು ಪದರ ಟಿಶ್ಯೂ ಹಾಕಿ ಮುಚ್ಚಿದೆ. ಇದನ್ನು ಬರೆಯುವವರೆಗೆ ಗೆರೆ ಬಂದಿಲ್ಲ.

ಫೈಬರ್ ಬಾಡಿ ತಗೊಂಡವರು ಎಮರಿ ಮುಟ್ಟುವ ಮೊದಲು ಈ ರಬ್ಬರುಗಳನ್ನು ನೋಡಿ. ನಾನು ಮಾಡಿದ ಕ್ರಮ ಉಲ್ಟಾ.

5. ಜನವರಿ: ಇಲ್ಲದ ತುಂಡು

ಮಡ್‌ಗಾರ್ಡಿಗೆ ಬಲಗಡೆಯಿಂದ ಅಚ್ಚು ತೆಗೆದು ಎಡಕ್ಕೆ ಹಾಕೋಣ ಅಂತ ಯೋಚನೆ ಬರುತ್ತದೆ. ಆಗುವುದಿಲ್ಲ, ಅದು ಕನ್ನಡಿಯ ಪ್ರತಿಬಿಂಬ. ಆದರೆ ರಟ್ಟಿನ ಟೆಂಪ್ಲೇಟ್ ಮಗುಚಿ ಹಿಡಿಯಬಹುದು. ಬಲಗಡೆ ಕಮಾನಿನ ಆಕಾರಕ್ಕೆ ರಟ್ಟು ಕತ್ತರಿಸಿ, ಅದನ್ನು 6 ಮಿಮೀ ಪ್ಲೈವುಡ್‌ಗೆ ಇಳಿಸಿ, ಮಗುಚಿ ಎಡಗಡೆ ಕ್ಲ್ಯಾಂಪ್ ಮಾಡಿದೆ.

ಹೊರಮೈಗೆ ಸನ್‌ಮೈಕಾ ಹಾಳೆ. ಒಂದು ಕಡೆಗೆ ಮಾತ್ರ ಬಾಗುವ ಜಾಗವಾದ್ದರಿಂದ ಸರಿಹೋಯಿತು. ಎರಡು ಕಡೆಗೆ ಉಬ್ಬಿದ ಜಾಗಕ್ಕೆ ಇದು ನಡೆಯದು. ಹಾಳೆಯ ನುಣುಪು ಮುಖಕ್ಕೆ ಮೇಣದ ಪಾಲಿಶ್ ಹಚ್ಚಿ ಉಜ್ಜಿ, ಮೇಲೆ ಪಿವಿಎ (ತುಂಡು ಅಚ್ಚಿಗೆ ಅಂಟದಿರಲು ಬಳಿಯುವ ದ್ರವ) ಬಳಿದು ಒಣಗಿಸಿ, ಹೊರಗಡೆಯಿಂದ ಟೇಪ್ ಮತ್ತು ಸ್ಕ್ರೂನಲ್ಲಿ ಹಿಡಿಸಿದೆ. ಒಳಗಡೆಯಿಂದ ಮೊದಲು ಜೆಲ್‌ಕೋಟ್, ಅರ್ಧ ಮಿಮೀ ದಪ್ಪ. ಬೆರಳಿಗೆ ಅಂಟುತ್ತದೆ ಆದರೆ ಬೆರಳಿಗೆ ಬರುವುದಿಲ್ಲ ಅನ್ನುವ ಹದಕ್ಕೆ ಬಂದಾಗ ಮ್ಯಾಟ್.

ಇಳಿಜಾರು ಸೇರಿ 300 x 250 ಮಿಮೀ ಜಾಗ. ಮೂರು ಪದರಕ್ಕೆ ಸುಮಾರು 100 ಗ್ರಾಂ ಮ್ಯಾಟ್, 250 ಗ್ರಾಂ ರೆಸಿನ್, 4 ಮಿಲಿ ಹಾರ್ಡನರ್. ಮ್ಯಾಟನ್ನು ಕತ್ತರಿಯಿಂದ ಕತ್ತರಿಸದೆ ಕೈಯಲ್ಲಿ ಹರಿದರೆ ಅಂಚು ತೆಳುವಾಗಿ ಬೆರೆಯುತ್ತದೆ. ಬ್ರಷ್ಷನ್ನು ಎಳೆಯಬಾರದು, ಕುಟ್ಟಬೇಕು. ಎಳೆದರೆ ಮ್ಯಾಟ್ ಕಿತ್ತು ಬ್ರಷ್ಷಿಗೇ ಬರುತ್ತದೆ. ಬಿಳಿ ಚುಕ್ಕೆ ಕಂಡರೆ ಅಲ್ಲಿ ಗಾಳಿ ಇದೆ ಅಂತ ಅರ್ಥ, ರೋಲರ್ ಓಡಿಸಿ ಹೊರಗೆ ತಳ್ಳಬೇಕು.

ಕೊನೆಯ ಪದರ ಮೇಲ್ಗಡೆ ಅಂಟಂಟು ಉಳಿಯಿತು. ರೆಸಿನ್ ಕೆಟ್ಟಿದೆ ಅಂತ ಹೆದರಬೇಡಿ. ಗಾಳಿ ತಾಗುವ ಮುಖ ಪಾಲಿಯೆಸ್ಟರಿನಲ್ಲಿ ಪೂರ್ತಿ ಒಣಗುವುದಿಲ್ಲ. ಮೇಲೆ ಇನ್ನೊಂದು ಪದರ ಹಾಕುವುದಿದ್ದರೆ ಆ ಅಂಟು ಒಳ್ಳೆಯದೇ. ಮುಗಿಸುವುದಿದ್ದರೆ ಹಸಿ ಇರುವಾಗಲೇ ಪಾಲಿಯೆಸ್ಟರ್ ಫಿಲ್ಮ್ ಹೊದಿಸಿ ಗಾಳಿ ತಪ್ಪಿಸಬೇಕು.

ಮರುದಿನ ಸನ್‌ಮೈಕಾ ಬಿಚ್ಚಿದಾಗ ತುಂಡು ಹೊಳೆಯುತ್ತಿತ್ತು. ಖುಷಿಯಲ್ಲಿ ನೇರ ಎಮರಿ ಹಿಡಿದೆ. ಅಲ್ಲಿ ತಪ್ಪಿತು. ಯಾಕೆ ಅಂತ ಏಪ್ರಿಲ್‌ನಲ್ಲಿ ಗೊತ್ತಾಯಿತು.

6. ಫೆಬ್ರವರಿ: ರೂಫ್

ಕಾರು ತಂದಾಗ ರೂಫಿನ ಜೆಲ್‌ಕೋಟ್ ಉಗುರಿನಿಂದ ಒತ್ತಿದರೆ ಗುರುತು ಬೀಳುತ್ತಿತ್ತು. ಹಿಂದಿನವರು ಬಣ್ಣ ತೆಗೆಸಿದ ಕಡೆ ಕಬ್ಬಿಣಕ್ಕೆ ಹಾಕುವ ಪೇಂಟ್ ರಿಮೂವರನ್ನೇ ಇದಕ್ಕೂ ಸುರಿದಿದ್ದರು. ಅದಕ್ಕೆ ಬಣ್ಣ ಯಾವುದು, ಪಾಲಿಯೆಸ್ಟರ್ ಯಾವುದು ಅನ್ನುವ ಭೇದ ಇಲ್ಲ. ಜೆಲ್‌ಕೋಟಿನೊಳಗೂ ಇಳಿದು ಮೆತ್ತಗೆ ಮಾಡುತ್ತದೆ. ಫೈಬರಿನಿಂದ ಬಣ್ಣ ತೆಗೆಯಲು ಬ್ಲೇಡ್, ಎಮರಿ, ತಾಳ್ಮೆ. ಬೇರೆ ದಾರಿ ಹುಡುಕಬೇಡಿ.

ಮೊದಲು ಸುಮ್ನೆ ಬಿಸಿಲಿಗೆ ಬಿಟ್ಟೆ. ಕೆಮಿಕಲ್ ಹಾರಿ ಹೋದ ಮೇಲೆ ಅಂಚಿನ ಭಾಗ ಗಟ್ಟಿಯಾಯಿತು. ನಡುವಿನ ಎರಡಡಿ ಅಗಲ ಗಟ್ಟಿಯಾಗಲೇ ಇಲ್ಲ. ಅಷ್ಟು ಜೆಲ್‌ಕೋಟನ್ನು 80 ನಂಬರಿನಲ್ಲಿ ಪೂರ್ತಿ ಕೆರೆದು ಮ್ಯಾಟ್ ಕಾಣಿಸಿದೆ. ಮೇಲೆ ರೆಸಿನ್ ಬಳಿದು ಟಿಶ್ಯೂ ಎರಡು ಪದರ. ಟಿಶ್ಯೂ ಹಾಕುವುದು ಮ್ಯಾಟಿನ ಒರಟು ಎಳೆಗಳು ಮುಂದೆ ಬಣ್ಣದಲ್ಲಿ ಮೂಡದಿರಲಿ ಅಂತ. ದೊಡ್ಡ ಜಾಗ, ಒಬ್ಬನಿಂದ ಆಗುವುದಿಲ್ಲ. ಒಬ್ಬರು ಕಲಸಿ ಕೊಡುತ್ತಿರಬೇಕು, ಒಬ್ಬರು ಹಚ್ಚುತ್ತಿರಬೇಕು. ಅವತ್ತು ಮೇಸ್ತ್ರಿ ಹಚ್ಚಿದರು, ನಾನು ಕಲಸಿದೆ. ಅವರ ಕೈಯಲ್ಲಿ ಒಂದು ಗುಳ್ಳೆ ಉಳಿಯಲಿಲ್ಲ.

ಬಂಪರಿನ ಜಾಗ, ಏರಿಯಲ್ ತೂತು, ಸಣ್ಣಪುಟ್ಟ ತೂತುಗಳು ಇದೇ ವಾರದಲ್ಲಿ ಮುಗಿದವು. ವಿಶೇಷ ಏನಿಲ್ಲ.

7. ಮಾರ್ಚ್: ಪುಟ್ಟಿ, ಬ್ಲಾಕ್

ಬಾಡಿ ಫಿಲ್ಲರ್, ನಮ್ಮ ಗ್ಯಾರೇಜುಗಳಲ್ಲಿ ಮೆಟಲ್ ಪೇಸ್ಟ್ ಅನ್ನುವುದು. ಕೆರೆದ ಫೈಬರಿನ ಮೇಲೆ ನೇರ ಹಾಕಬಹುದು. 2 ಮಿಮೀ ದಾಟಿಸಲಿಲ್ಲ. ಅದಕ್ಕಿಂತ ತಗ್ಗು ಇದ್ದಲ್ಲಿ ಮ್ಯಾಟ್ ಹಾಕಿ ಎತ್ತರಿಸಿದೆ.

ಬಾನೆಟ್ಟಿಗೆ ಅಂಗೈ ಅಗಲದ ಎಮರಿ ಸಾಲದು. ಬೆರಳಿನ ಒತ್ತಡಕ್ಕೆ ಅಲೆ ಅಲೆಯಾಗುತ್ತದೆ. 400 ಮಿಮೀ ಉದ್ದದ ಪ್ಲೈವುಡ್ ಪಟ್ಟಿಗೆ 80 ನಂಬರಿನ ಎಮರಿ ಅಂಟಿಸಿ (ಬ್ಲಾಕ್ ಅನ್ನುವುದು ಇದನ್ನೇ), ಓರೆಯಾಗಿ ಎರಡು ದಿಕ್ಕಿಗೆ ಉಜ್ಜಿದೆ. ಕಮಾನಿನ ಒಳಬಾಗಿಗೆ ಪಿವಿಸಿ ಪೈಪ್ ತುಂಡು. ನಡುನಡುವೆ ಕಪ್ಪು ಸ್ಪ್ರೇ ದೂರದಿಂದ ಮಂಜಿನ ಹಾಗೆ ಹೊಡೆದು ಮತ್ತೆ ಉಜ್ಜಬೇಕು. ಕಪ್ಪು ಉಳಿದಲ್ಲಿ ತಗ್ಗು, ಬೇಗ ಹೋದಲ್ಲಿ ಉಬ್ಬು. ಕಣ್ಣಿಗೆ ಕಾಣದ್ದು ಇದರಲ್ಲಿ ಕಾಣುತ್ತದೆ.

80 ಆದ ಮೇಲೆ 120, 180. ಎಲ್ಲವೂ ಒಣ ಎಮರಿ. ಪೇಂಟರುಗಳಿಗೆ ನೀರು ಹಾಕಿ ತಿಕ್ಕುವ ಅಭ್ಯಾಸ ಜಾಸ್ತಿ. ಫಿಲ್ಲರ್ ನೀರು ಕುಡಿಯುತ್ತದೆ, ಆ ನೀರು ಮುಂದೆ ಬಣ್ಣದ ಕೆಳಗೆ ಗುಳ್ಳೆಯಾಗಿ ಏಳುತ್ತದೆ. ಪ್ರೈಮರ್ ಮುಚ್ಚುವವರೆಗೆ ವಾಟರ್ ಪೇಪರ್ ಬೇಡ.

ಸೂಜಿ ತೂತುಗಳು ಎಲ್ಲಕ್ಕಿಂತ ಕಿರಿಕಿರಿ. ಮೇಲೆ ಪುಟ್ಟಿ ಸವರಿದರೆ ತೂತಿನ ಬಾಯಿ ಮುಚ್ಚುತ್ತದೆ, ಒಳಗೆ ಗಾಳಿ ಹಾಗೇ ಇರುತ್ತದೆ. ಚೂಪು ತುದಿಯಿಂದ ಪ್ರತಿಯೊಂದನ್ನೂ ಸ್ವಲ್ಪ ಅಗಲ ಮಾಡಿ, ಗಾಳಿ ಊದಿ ಧೂಳು ತೆಗೆದು, ತೆಳು ಪುಟ್ಟಿಯನ್ನು ಬ್ಲೇಡಿನಿಂದ ಒತ್ತಿ ತುಂಬಬೇಕು. ಸಂಜೆ ಹೊತ್ತು ಟಾರ್ಚ್ ಅಡ್ಡ ಹಿಡಿದರೆ ಹೊಸದಾಗಿ ಇನ್ನಷ್ಟು ಕಾಣುತ್ತವೆ.

8. ಏಪ್ರಿಲ್, ಮೇ: ಸ್ಪ್ರೇ ಪುಟ್ಟಿ, ಬಿಸಿಲು

ಪಾಲಿಯೆಸ್ಟರ್ ಸ್ಪ್ರೇ ಪುಟ್ಟಿ ದಪ್ಪ, ಸಾಧಾರಣ ಗನ್ನಿನಲ್ಲಿ ಬರುವುದಿಲ್ಲ. 2.2 ಮಿಮೀ ನಾಜಲ್ ಹಾಕಿದೆ. ಎಲ್ಲ ಕಡೆ ಚೆನ್ನಾಗಿ ಕೂತಿತು, ಎಡ ಮಡ್‌ಗಾರ್ಡಿನ ಹೊಸ ತುಂಡಿನ ಮೇಲೆ ಮಾತ್ರ ಮೀನಿನ ಕಣ್ಣಿನಂಥ ಗುಂಡಿಗಳು. ಹೊಡೆದದ್ದು ಬಿಟ್ಟು ಬಿಟ್ಟು ದೂರ ಸರಿಯಿತು. ಸನ್‌ಮೈಕಾಕ್ಕೆ ಹಚ್ಚಿದ ಮೇಣ ತುಂಡಿನ ಮೈಗೆ ಹತ್ತಿತ್ತು. ಅದನ್ನು ತೊಳೆಯದೆ ಎಮರಿ ಹಿಡಿದ ಕಾರಣ ಮೇಣ ಗೀರುಗಳೊಳಗೆ ಇಳಿದು ಕೂತಿತ್ತು. ಅಷ್ಟು ಜಾಗ ಮತ್ತೆ ಕೆರೆದು, ವ್ಯಾಕ್ಸ್ ರಿಮೂವರಿನಲ್ಲಿ ಒಂದು ಬಟ್ಟೆಯಿಂದ ಒದ್ದೆ ಮಾಡಿ, ಆರುವ ಮೊದಲೇ ಇನ್ನೊಂದು ಒಣಬಟ್ಟೆಯಿಂದ ಎತ್ತಿದೆ. ಬಟ್ಟೆ ಬದಲಿಸುತ್ತಾ ಹೋಗಬೇಕು, ಇಲ್ಲದಿದ್ದರೆ ಮೇಣವನ್ನು ಸುತ್ತ ಹರಡಿದಂತಾಗುತ್ತದೆ. ಅಚ್ಚಿನಿಂದ ಬಂದ ಯಾವ ತುಂಡನ್ನೂ ಮೊದಲು ಸೋಪುನೀರಲ್ಲಿ ತೊಳೆದು ಪಿವಿಎ ತೆಗೆಯಬೇಕು, ಆಮೇಲೆ ಮೇಣ, ಆಮೇಲೆ ಎಮರಿ. ಹೊಸ ಕಿಟ್ ಬಾಡಿಗೂ ಇದೇ ಕ್ರಮ, ಅದೂ ಅಚ್ಚಿನಿಂದಲೇ ಬಂದದ್ದಲ್ಲವೇ.

ಆಮೇಲೆ ಕಾರನ್ನು ಅಂಗಳಕ್ಕೆ ತಳ್ಳಿ ಬಿಸಿಲಿಗೆ ಬಿಟ್ಟೆ. ಹೊಸ ರೆಸಿನ್ ತಿಂಗಳುಗಟ್ಟಲೆ ಗಟ್ಟಿಯಾಗುತ್ತಾ, ಕುಗ್ಗುತ್ತಾ ಇರುತ್ತದೆ. ಬಣ್ಣ ಹಾಕಿದ ಮೇಲೆ ಕುಗ್ಗಿದರೆ ಒಳಗಿನ ಮ್ಯಾಟಿನ ಎಳೆ, ರಿಪೇರಿಯ ಅಂಚು ಎಲ್ಲ ಹೊಳಪಿನ ಮೇಲೆ ಎದ್ದು ಕಾಣುತ್ತದೆ. ಕುಗ್ಗುವುದು ಬಣ್ಣಕ್ಕಿಂತ ಮೊದಲೇ ಕುಗ್ಗಲಿ. ರಿಪೇರಿ ಜಾಗಗಳ ಮೇಲೆ ಮಧ್ಯಾಹ್ನ ಕಪ್ಪು ಪ್ಲಾಸ್ಟಿಕ್ ಹೊದಿಸಿದೆ, ಕೈ ಇಡಲಾಗದಷ್ಟು ಬಿಸಿ. ರೂಫಿನಲ್ಲಿ ಟಿಶ್ಯೂ ಮುಗಿಯುವ ಅಂಚು ಗೆರೆಯಾಗಿ ಮೂಡಿತು. ಬಾಗಿಲ ಕಂಬದಲ್ಲಿ ಏನೂ ಬರಲಿಲ್ಲ. ಮೂಡಿದ್ದನ್ನು ಮತ್ತೆ 180, 220ರಲ್ಲಿ ಬ್ಲಾಕ್ ಮಾಡಿದೆ.

ಮೇ ಕೊನೆಗೆ ಇಡೀ ಬಾಡಿಗೆ ಎಪಾಕ್ಸಿ ಪ್ರೈಮರ್ ಎರಡು ಕೋಟ್. ಮಳೆ ಬರುವ ಮೊದಲು ಇದು ಆಗಲೇಬೇಕಿತ್ತು. ಪುಟ್ಟಿ ತೆರೆದಿಟ್ಟು ಮಳೆಗಾಲ ಕಳೆದರೆ ಮಾಡಿದ್ದೆಲ್ಲ ನೀರು ಕುಡಿಯುತ್ತಿತ್ತು.

9. ಜೂನ್‌ನಿಂದ ಸೆಪ್ಟೆಂಬರ್: ಕೆಲಸ ನಿಂತದ್ದು

ಏನೂ ಮಾಡಲಿಲ್ಲ. ಮೇಸ್ತ್ರಿಯೂ ಸಿಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಬೋಟುಗಳೆಲ್ಲ ದಡದಲ್ಲಿ, ರಿಪೇರಿಯವರಿಗೆ ಆಗಲೇ ಕೈತುಂಬ ಕೆಲಸ. ಕಾರಿಗೆ ಹಳೆ ಹತ್ತಿ ಬೆಡ್‌ಶೀಟ್ ಹೊದಿಸಿದೆ. ಪ್ಲಾಸ್ಟಿಕ್ ಹೊದಿಸಿದರೆ ಒಳಗೆ ಬೆವರುತ್ತದೆ. ಉಳಿದ ಮ್ಯಾಟನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿಟ್ಟೆ, ಅದೂ ತೇವ ಎಳೆಯುತ್ತದೆ.

10. ಅಕ್ಟೋಬರ್: ಬಣ್ಣ

ಪಿಯು (ಪಾಲಿಯುರೆಥೇನ್) ಬಣ್ಣವನ್ನು ಮನೆಯಲ್ಲಿ ಹೊಡೆಯುವ ಯೋಚನೆ ಬಿಟ್ಟೆ. ಅದರ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ, ಶ್ವಾಸಕ್ಕೆ ತೀರಾ ಕೆಟ್ಟದ್ದು. ಹೊರಗಿನ ಗಾಳಿ ಪೈಪಿನಲ್ಲಿ ಬರುವ ಮಾಸ್ಕ್ ಬೇಕು, ನನ್ನ ಹತ್ತಿರ ಇಲ್ಲ. ಮಂಗಳೂರಿನ ಒಂದು ಪೇಂಟ್ ಬೂತಿಗೆ (ಕಾರಿಗೆ ಬಣ್ಣ ಹೊಡೆದು ಬಿಸಿಯಲ್ಲಿ ಒಣಗಿಸುವ ಮುಚ್ಚಿದ ಕೋಣೆ) ಕೊಟ್ಟೆ. ಬಣ್ಣ ಆರ್‌ಸಿಯಲ್ಲಿ ಇದ್ದ ಬಿಳಿಯೇ. ಬೇರೆ ಬಣ್ಣ ಆದರೆ ಆರ್‌ಟಿಒದಲ್ಲಿ ತಿದ್ದಿಸಬೇಕು. ಅಲ್ಲದೆ ಕಡು ಬಣ್ಣ ಬಿಸಿಲಿಗೆ ಜಾಸ್ತಿ ಕಾಯುತ್ತದೆ, ಎಳೆ ಮೂಡುವುದೂ ಜಾಸ್ತಿ. ಬಿಳಿ ಫೈಬರಿಗೆ ಒಳ್ಳೆಯ ಗೆಳೆಯ.

ಪೇಂಟರಿಗೆ ಎರಡು ವಿಷಯ ಹೇಳಿದೆ. ಒಂದು, ಬೂತಿನ ಬಿಸಿ 50 ಡಿಗ್ರಿ ದಾಟಿಸಬೇಡಿ, ನಿಧಾನ ಏರಿಸಿ. ಕಬ್ಬಿಣಕ್ಕೆ ಕೊಡುವ ಬಿಸಿ ಕೊಟ್ಟರೆ ಎಲ್ಲೋ ಉಳಿದ ಸೂಜಿ ತೂತಿನ ಗಾಳಿ ಹಿಗ್ಗಿ ಬಣ್ಣವನ್ನು ಎಬ್ಬಿಸುತ್ತದೆ. ಎರಡು, ಒಣಬಟ್ಟೆಯಿಂದ ಉಜ್ಜಿ ಉಜ್ಜಿ ಧೂಳು ತೆಗೆಯಬೇಡಿ. ಫೈಬರಿನಲ್ಲಿ ಸ್ಟ್ಯಾಟಿಕ್ ಹುಟ್ಟಿ ಇನ್ನಷ್ಟು ಧೂಳು ಹತ್ತುತ್ತದೆ. ನೆಲ ಒದ್ದೆ ಮಾಡಿ, ಧೂಳು ಹಿಡಿಯುವ ಅಂಟು ಬಟ್ಟೆಯಲ್ಲಿ (ಟ್ಯಾಕ್ ಬಟ್ಟೆ) ಹಗುರ ಒರೆಸಿ. ಎರಡನೆಯದಕ್ಕೆ ಅವರು ನಕ್ಕರು, ಆದರೆ ಮಾಡಿದರು. 400, 600 ವಾಟರ್ ಪೇಪರ್ ಆಗಿ, ಸರ್ಫೇಸರ್ (ಬಣ್ಣದ ಅಡಿಗೆ ಹಾಕುವ ನುಣುಪಿನ ಪ್ರೈಮರ್) ಆಗಿ, ಬಿಳಿ ಮೂರು ಕೋಟ್, ಕ್ಲಿಯರ್ ಎರಡು. ತಗ್ಗು ಒಂದೇ ಕಡೆ ಕಾಣುತ್ತದೆ, ಡಿಕ್ಕಿ ಹತ್ತಿರ ಎಡಗಡೆ. ಅಲ್ಲಿ ಬ್ಲಾಕ್ ಸರಿಯಾಗಿ ಓಡಿಸಿರಲಿಲ್ಲ. ನನಗೆ ಕಾಣುತ್ತದೆ, ಬೇರೆಯವರಿಗೆ ತೋರಿಸಿದರೆ ಮಾತ್ರ.

11. ವಯರಿಂಗ್

ಲೈಟ್ ಜೋಡಿಸಿದಾಗ ಬಲ ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟ್ ಮಿಣುಕುತ್ತಿತ್ತು. ಫೈಬರ್ ಬಾಡಿಯಲ್ಲಿ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ಅರ್ಥ್ ಇಲ್ಲ. ಪ್ರತಿ ಲೈಟಿನಿಂದಲೂ ಕಪ್ಪು ವಯರ್ ಚಾಸಿಗೆ ಹೋಗಬೇಕು. ಹಳೆಯ ಅರ್ಥ್ ಬಿಂದುವಿನ ಮೇಲೆ ಪ್ರೈಮರ್ ಸಿಡಿದು ಕೂತಿತ್ತು. ಕೆರೆದು, 2.5 ಸ್ಕ್ವೇರ್ ಎಂಎಂ ವಯರಿನಲ್ಲಿ ಹಿಂದೆ ಒಂದು, ಮುಂದೆ ಒಂದು ಹೊಸ ಬಿಂದು ಮಾಡಿ ಎಲ್ಲವನ್ನೂ ಅಲ್ಲಿಗೆ ತಂದೆ. ಸರಿಹೋಯಿತು.

12. ಖರ್ಚು, ಉಳಿದದ್ದು

ರೆಸಿನ್ 10 ಕೆಜಿ 2,300. ಮ್ಯಾಟ್, ಟಿಶ್ಯೂ 850. ಕೋಬಾಲ್ಟ್, ಹಾರ್ಡನರ್, ಅಸಿಟೋನ್ 1,400. ಜೆಲ್‌ಕೋಟ್ 400. ಬಾಡಿ ಫಿಲ್ಲರ್ 2,700. ಡಿಸ್ಕ್, ಎಮರಿ 3,800. ಮಾಸ್ಕ್, ಕನ್ನಡಕ, ಗ್ಲೌಸ್ 2,600. ಸ್ಪ್ರೇ ಪುಟ್ಟಿ, ಎಪಾಕ್ಸಿ ಪ್ರೈಮರ್ 7,200. ಪ್ಲೇಟ್, ಬೋಲ್ಟ್, ವಾಷರ್, ರಬ್ಬರ್ 1,900. ಮೇಸ್ತ್ರಿಗೆ 2,000, ಅದಕ್ಕಿಂತ ಜಾಸ್ತಿ ತಗೊಳ್ಳಲು ಒಪ್ಪಲಿಲ್ಲ. ಮಂಗಳೂರಿಗೆ ಹೋಗಿ ಬರುವ ಸಾಗಣೆ 6,500. ಬೂತಿನ ಬಣ್ಣ 42,000. ಒಟ್ಟು 73,650. ಗ್ರೈಂಡರ್, ಕಂಪ್ರೆಸರ್ ಮೊದಲೇ ಇದ್ದವು.

ಬಾಕಿ ಇರುವುದು ಮುಂದಿನ ಗಾಜಿನ ರಬ್ಬರ್ ಬೀಡಿಂಗ್. ಹಳೆಯದು ತೆಗೆಯುವಾಗ ತುಂಡು ತುಂಡಾಯಿತು. ನನ್ನ ಗಾಜು 5 ಮಿಮೀ, ಬಾಡಿಯ ಅಂಚು 4 ಮಿಮೀ, ಒಂದು ಮೂಲೆಯಲ್ಲಿ 5. ಬೇರೆ ಕಾರುಗಳ ಬೀಡಿಂಗ್ ತಗಡಿನ ತೆಳು ಅಂಚಿಗೆ ಮಾಡಿದ್ದು, ಇದಕ್ಕೆ ಕೂರುವುದಿಲ್ಲ. ಬಸ್ಸಿನ ಬಾಡಿ ಕಟ್ಟುವವರ ಹತ್ತಿರ ಒಂದು ನಮೂನೆ ಸಿಕ್ಕಿದೆ, ಅದರ ಸೀಳು ಎರಡೂ ಕಡೆ 5 ಮಿಮೀ. ಈ ವಾರ ಒಂದು ಮೀಟರ್ ತಂದು ಮೂಲೆಯಲ್ಲಿ ಬಾಗಿಸಿ ನೋಡುತ್ತೇನೆ. ಡಾಲ್ಫಿನ್ ಅಥವಾ ಸಿಪಾನಿಯವರದೇ ಮೊಂಟಾನಾ ಕಾರು ಇಟ್ಟುಕೊಂಡವರು ಬೇರೆ ಬೀಡಿಂಗ್ ಹಾಕಿಸಿದ್ದರೆ ಸೀಳಿನ ಅಳತೆ ತಿಳಿಸಿ.